ಮೂರ್ಛೆ ರಾಜಕುಮಾರಿ ಮತ್ತು ನಮ್ಮ ನಾದಿನಿ

ನಡೆದದ್ದು ಇಷ್ಟೇ: ಪುಸ್ತಕ ಕೆಟ್ಟದಾಗಿತ್ತು. ಅದಕ್ಕೆ ನಮ್ಮ ನಾದಿನಿ ಎರಡು ಹೊತ್ತು ಊಟ ಬಿಟ್ಟಳು! ಒಬ್ಬ ಗಂಡಸು ಅವಳ ಮನಸ್ಸು ಮುರಿದನೆಂದರೆ ಮೈಲಾಪೂರಿನಲ್ಲಿ ಯಾರು ನಂಬುತ್ತಾರೆ? ಮದುವೆಯೇ ಬೇಡವೆಂದು ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತಿಯಾದವಳು. ಆ ಗಂಡಸೋ, ಅವಳ ಮೆಚ್ಚಿನ ಕಾದಂಬರಿಕಾರ; ತೀರಿಕೊಂಡೇ ಎಷ್ಟೋ ವರ್ಷವಾಗಿದೆ.

ಅವರು ಹೋದ ಸುದ್ದಿ ಬಂದ ದಿನ ತಲೆಗೆ ನೀರು ಹಾಕಿಕೊಂಡು ಬಂದು ಕೂತಳು.

"ಅವರೇನು ನಮ್ಮ ಗೋತ್ರದವರೇನೇ?" ಎಂದೆ.

"ಓದುಗರದೆಲ್ಲ ಒಂದೇ ಗೋತ್ರ ಅತ್ತಿಗೆ" ಎಂದಳು. ಸದ್ಯ, ತಿಥಿ ಮಾಡಲಿಲ್ಲ!

ಅವಳ ಕಣ್ಣಿಗೆ ಊರಿನವರೆಲ್ಲ ಆ ಪುಸ್ತಕಗಳಿಂದ ಎದ್ದು ಬಂದವರೇ. ತೂಕದಲ್ಲಿ ಮೋಸ ಮಾಡುವ ತರಕಾರಿಯವನು ಒಂದು ಕಾದಂಬರಿಯ ಶಾನುಭೋಗ, ಮೇಲಿನ ಮನೆಯ ಮಾಮಿ ಇನ್ನೊಂದರ ಅತ್ತೆ. ನಾನು ಯಾರೆಂದು ಕೇಳಿದರೆ, "ನಿಮ್ಮಂಥವರನ್ನ ಬರೆಯೋ ಧೈರ್ಯ ಅವರಿಗಿರಲಿಲ್ಲ" ಎನ್ನುತ್ತಾಳೆ.

ನನ್ನದು ಮೂರನೇ ಕ್ಲಾಸು. ಒತ್ತಕ್ಷರ ಬಂದರೆ ಕೆಟ್ಟ ಬಸ್ಸಿನ ಹಾಗೆ ನಿಂತುಬಿಡುತ್ತೇನೆ. ಆದ್ದರಿಂದ ಮಧ್ಯಾಹ್ನ ನಾನು ಸೊಪ್ಪು ಬಿಡಿಸುವಾಗ ಅವಳು ಗಟ್ಟಿಯಾಗಿ ಓದುವುದು ನಮ್ಮಲ್ಲಿ ರೂಢಿ.

ಆ ಲೇಖಕರು ಹರೆಯದಲ್ಲಿ ಬರೆದ ರಾಜ-ರಾಣಿಯರ ಪ್ರೇಮ ಕಾದಂಬರಿಯೊಂದು ಅವಳಿಗೆ ಎಲ್ಲೂ ಸಿಕ್ಕಿರಲಿಲ್ಲ. ನನ್ನ ಮೊಮ್ಮಗಳು ಹಳೇ ಪುಸ್ತಕದಂಗಡಿಯಿಂದ ತಂದುಕೊಟ್ಟಳು. ನಾದಿನಿ ಕೈಕಾಲು ತೊಳೆದು ಓದಲು ಕೂತಳು.

ಅಬ್ಬಬ್ಬಾ! ಪುಟಕ್ಕೊಮ್ಮೆ ರಾಜಕುಮಾರಿಗೆ ಮೂರ್ಛೆ! ಮೈಯಲ್ಲಿ ರಕ್ತ ಕಡಿಮೆಯೇನೋ. ರಾಜಕುಮಾರನಿಗೆ ಎದೆಗೇ ಬಾಣ ನೆಟ್ಟಿದೆ. ಆ ಮಹರಾಯ ಚಂದ್ರನನ್ನು ಹೊಗಳುತ್ತಲೇ ಇದ್ದಾನೆ.

"ನಿಮ್ಮಣ್ಣನಿಗೆ ಹಲ್ಲುನೋವು ಬಂದ್ರೆ ಬಾಯೇ ಬಿಡಲ್ಲ. ಇವನೇನೇ ಹೀಗೆ?" ಎಂದೆ.

"ಸುಮ್ನಿರಿ ಅತ್ತಿಗೆ, ಮುಂದೆ ಚೆನ್ನಾಗಿರುತ್ತೆ."

ಮೊಮ್ಮಗಳು ಇಣುಕಿ, "ಅಜ್ಜಿ, ಸೀರಿಯಲ್ ಮಾದಿರಿಯೇ ಇರುಕ್ಕು!" ಎಂದು ತಮಿಳು ಬೆರೆಸಿ ಹೇಳಿ ನಕ್ಕು ಹೋದಳು. ಟಿವಿ ಸೀರಿಯಲ್ಲಿಗೆ ಹೋಲಿಸುವುದೇ! ನಾದಿನಿಯ ಮುಖ ಸಪ್ಪಗಾಯಿತು.

ಮಾರನೆಯ ದಿನ ಕತೆ ನಿಜಕ್ಕೂ ಚೆನ್ನಾಯಿತು. ರಾಜಕುಮಾರಿ ಎದ್ದು ಕೂತು, "ಮೊದಲು ಬಾಣ ಕೀಳಿಸಿಕೋ, ಆಮೇಲೆ ಚಂದ್ರ" ಎಂದು ಗದರಿದಳು. ಸೈನ್ಯಕ್ಕೆ ಗಂಜಿ ಕಾಯಿಸುವವರು ಯಾರೆಂದು ತುಂಬಿದ ದರ್ಬಾರಿನಲ್ಲೇ ಕೇಳಿದಳು. ಭಲೇ ಹುಡುಗಿ! ನಾನು ಸೊಪ್ಪು ಮರೆತು ಕೂತೆ. ಆಗ ಕಣ್ಣಿಗೆ ಬಿತ್ತು: ಕತೆ ಕೋಟೆ ದಾಟಿ, ಹೊಳೆ ದಾಟಿ ಹೋಗಿದೆ, ನಾದಿನಿ ಮಾತ್ರ ಪುಟ ತಿರುಗಿಸಿಯೇ ಇಲ್ಲ!

"ಪುಟ ತಿರುಗಿಸೇ" ಎಂದೆ.

ಪುಸ್ತಕ ಮುಚ್ಚಿದಳು. ತನ್ನ ಲೇಖಕರ ಮಾನ ಉಳಿಸಲು ತಾನೇ ಕತೆ ಕಟ್ಟಿ ಹೇಳುತ್ತಿದ್ದಳು, ಪುಣ್ಯಾತ್ಗಿತ್ತಿ!

ಆ ರಾತ್ರಿ ಊಟವಿಲ್ಲ. ಮರುದಿನ ಮಧ್ಯಾಹ್ನವೂ ಇಲ್ಲ. ಅವರ ಪುಸ್ತಕಗಳನ್ನೆಲ್ಲ ಅಕ್ಕಿಚೀಲಕ್ಕೆ ತುಂಬಿ, ಹಳೇ ಪೇಪರಿನವನಿಗೆ ಹಾಕಿಬಿಡುತ್ತೇನೆಂದು ಬಾಗಿಲ ಬಳಿ ಇಟ್ಟಳು.

"ಇಷ್ಟು ಕೆಟ್ಟದಾಗಿ ಬರೆದವರನ್ನ ನಂಬಿಕೊಂಡು ಕೂತಿದ್ನಲ್ಲ ಅತ್ತಿಗೆ. ಮಿಕ್ಕಿದ್ದೂ ಹೀಗೇ ಇದ್ದು, ನನಗೇ ತಿಳೀಲಿಲ್ವೋ ಏನೋ."

"ಮದುವೆಯಾಗಿ ಬಂದ ಹೊಸದ್ರಲ್ಲಿ ನಾನು ಮಾಡಿದ ಸಾರು ನೆನಪಿದೆಯಾ? ಗಿಡ ಸತ್ತುಹೋಗುತ್ತೆ ಅಂತ ನಿಮ್ಮಮ್ಮ ಅದನ್ನ ಬಾಳೆ ಬುಡಕ್ಕೂ ಸುರಿಯೋಕೆ ಬಿಡಲಿಲ್ಲ. ಆಮೇಲೆ ನನ್ನ ಅಡುಗೆ ತಿನ್ನೋದು ಬಿಟ್ಯಾ?"

"ಅವತ್ತೂ ನಾನು ಎರಡು ಸಲ ಬಡಿಸ್ಕೊಂಡೆ" ಎಂದಳು, ತಲೆ ಎತ್ತದೆ. "ನೀವು ಬಾಗಿಲ ಹಿಂದೆ ಅಳ್ತಾ ಇದ್ರಿ."

ಅದು ಇವಳಿಗೆ ಕಂಡಿತ್ತೆಂದು ನನಗೆ ಇದುವರೆಗೂ ಗೊತ್ತಿರಲಿಲ್ಲ. ತಟ್ಟೆ ಹಾಕಿದೆ. ಉಂಡಳು. ಚೀಲ ಮಾತ್ರ ಬಾಗಿಲ ಬಳಿಯೇ ಇತ್ತು.

ಮರುದಿನ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಚೀಲ ಬಿಚ್ಚಿ, ಪುಸ್ತಕಗಳನ್ನೆಲ್ಲ ಮತ್ತೆ ಕಪಾಟಿನಲ್ಲಿ ಜೋಡಿಸಿದೆ. ಬೇಕೆಂದೇ ನಾಲ್ಕೈದನ್ನು ತಲೆಕೆಳಗಾಗಿ ನಿಲ್ಲಿಸಿದೆ. ಅದನ್ನು ನೋಡಿಕೊಂಡು, ಕೈಗೆತ್ತಿ ನೆಟ್ಟಗೆ ಇಡದೆ ಸುಮ್ಮನಿರುವ ಹೆಂಗಸಲ್ಲ ಅವಳು.