ಸೊಣ್ಣಮ್ಮ ಟ್ಯಾಪೆಟ್ ತೊಳೆದ ಪ್ರಸಂಗ

ಹೈಡ್ರಾಲಿಕ್ ಟ್ಯಾಪೆಟ್ ಎಂಬ ಪದಾರ್ಥದ ಹೆಸರು ಸೊಣ್ಣಮ್ಮನ ಕಿವಿಗೆ ಮೊದಲು ಬಿದ್ದ ದಿನವೇ ಅವಳು ಘೋಷಣೆ ಹೊರಡಿಸಿಬಿಟ್ಟಳು: ತನ್ನ ಹಿತ್ತಿಲಿಗೆ ಬಂದ ಯಾವ ವಸ್ತುವೂ ಕೊಳಕಾಗಿ ವಾಪಸ್ ಹೋಗುವಂತಿಲ್ಲ, ಅದು ಅಮೇರಿಕದಿಂದಲೇ ಬಂದಿರಲಿ!

ಬಂದದ್ದೂ ಅಮೇರಿಕದ್ದೇ. ಬಟ್ಟೆ ವ್ಯಾಪಾರಿ ಮರುಳಸಿದ್ದಪ್ಪನವರ ಹಡಗಿನಂಥ ಹಳೇ ಕಾರು. ಓಡುವಾಗ ಒಳಗೆ ಅಕ್ಕಸಾಲಿ ಕೂತು ಕುಟ್ಟುತ್ತಿದ್ದಾನೇನೋ ಎಂಬಂತೆ ಟಕಟಕ, ಟಕಟಕ. ಅದು ಯಡಿಯೂರಿನ ಸೊಣ್ಣಮ್ಮನ ಮನೆಗೆ ಬಂದು, ಎಮ್ಮೆ ಮಾರಿದ ಮೇಲೆ ವರ್ಕ್‌ಶಾಪ್ ಎಂಬ ಪಟ್ಟಕ್ಕೇರಿದ್ದ ಕೊಟ್ಟಿಗೆಯ ಮುಂದೆ ನಿಂತಿತು.

ವರ್ಕ್‌ಶಾಪಿನ ಯಜಮಾನ ಅವಳ ಗಂಡ ತಿಮ್ಮರಾಯಪ್ಪ. ಪೇಟೆಯ ಗ್ಯಾರೇಜಿನಲ್ಲಿ ಸುತ್ತಿಗೆ ಸದ್ದು ಕೇಳಿ ಕೇಳಿ ಅವನ ಕಿವಿ ಮಂದವಾಗಿತ್ತು. ಎಂಜಿನ್ ಸದ್ದು ಕೇಳದವನು ಎಂಥ ಮಿಸ್ತ್ರಿ ಎಂದು ಅಲ್ಲಿಂದ ಬಿಡಿಸಿದ್ದರು. ಆ ಸಂಗತಿ ಯಡಿಯೂರಿಗೆ ಇನ್ನೂ ಗೊತ್ತಿರಲಿಲ್ಲ. ಈ ಕಾರಿನ ಸದ್ದು ನಿಂತರೆ ಮರುಳಸಿದ್ದಪ್ಪನವರ ಬಂಧುಬಳಗದ ಕಾರುಗಳೆಲ್ಲ ಕೊಟ್ಟಿಗೆಗೆ. ನಿಲ್ಲದಿದ್ದರೆ ಕೊಟ್ಟಿಗೆಗೆ ಮತ್ತೆ ಎಮ್ಮೆ.

ತಿಮ್ಮರಾಯಪ್ಪ ಎಂದು ಇಲ್ಲಿ ಬರೆದಷ್ಟು ಸಲೀಸಾಗಿ ಸೊಣ್ಣಮ್ಮ ಆ ಹೆಸರು ಹೇಳುವಂತಿರಲಿಲ್ಲ. ಗಂಡನ ಹೆಸರು ಹಿಡಿದರೆ ಅವನ ಆಯಸ್ಸು ಸವೆಯುತ್ತದೆ ಎಂದು ಕೋಣನಕುಂಟೆಯ ತವರಿನಲ್ಲಿ ಹೇಳಿಕೊಟ್ಟು ಕಳಿಸಿದ್ದರು. ಅವಳು ತಿರುಪತಿ ತಿಮ್ಮಪ್ಪನನ್ನು ಕೂಡ ‘ಬೆಟ್ಟದ ಸ್ವಾಮಿ’ ಎಂದೇ ಬೇಡಿಕೊಳ್ಳುತ್ತಿದ್ದಳು.

ತಿಮ್ಮರಾಯಪ್ಪ ಆ ಟಕಟಕಕ್ಕೆ ಕಾರಣವಾದ ಟ್ಯಾಪೆಟ್‌ಗಳನ್ನು ಬಿಚ್ಚಿ ತಟ್ಟೆಯಲ್ಲಿ ಸಾಲಾಗಿಟ್ಟ. ಹೆಬ್ಬೆರಳಿನಷ್ಟು ಡಬ್ಬಿ, ಅದರೊಳಗೆ ಪುಟ್ಟ ಪಿಸ್ಟನ್. ಎಣ್ಣೆ ತುಂಬಿ ಒತ್ತಿದರೆ ಪಿಸ್ಟನ್ ಗಟ್ಟಿಯಾಗಿ ನಿಂತು, ಬಿಗುಮಾನದಿಂದ ನಿಧಾನಕ್ಕೆ ಇಳಿಯಬೇಕು. ಪುಸಕ್ಕನೆ ಕುಸಿದರೆ ಕೆಟ್ಟಿದೆ ಎಂದರ್ಥ. ಇಷ್ಟು ಪಾಠ ಹೇಳಿ ಅವನು ಸೀಮೆಎಣ್ಣೆ ತರಲು ಹೋದ. ಮುಖ್ಯವಾದ ಮಾತನ್ನೇ ಮರೆತುಹೋದ.

ವಾಪಸ್ ಬರುವಷ್ಟರಲ್ಲಿ ಟ್ಯಾಪೆಟ್‌ಗಳಿಗೆ ಅಭ್ಯಂಜನವಾಗಿತ್ತು. ಬಿಸಿನೀರು, ಸೀಗೆಪುಡಿ, ಹಳೇ ಸೀರೆಯಲ್ಲಿ ಒರೆಸಾಟ. ಲೋಟವೆಲ್ಲ ಒಂದು ಕಡೆ, ಸೌಟೆಲ್ಲ ಒಂದು ಕಡೆ ಇಡುವವಳಂತೆ ಡಬ್ಬಿಗಳನ್ನೆಲ್ಲ ಮೊರದಲ್ಲಿಯೂ ಪಿಸ್ಟನ್‌ಗಳನ್ನೆಲ್ಲ ಬಟ್ಟಲಲ್ಲಿಯೂ ಹರಡಿ, ಮೆಚ್ಚುಗೆಗೆ ಕಾದು ನಿಂತಿದ್ದಳು ಸೊಣ್ಣಮ್ಮ.

ಅವನು ಹೊಸ್ತಿಲ ಮೇಲೇ ಕೂತುಬಿಟ್ಟ.

“ಯಾವುದು ಯಾವುದರದ್ದೇ ಇದು?”

“ಎಲ್ಲಾ ಒಂದೇ ಥರಾ ಅವಲ್ರೀ.”

“ನೋಡೋಕೆ ಒಂದೇ ಥರ. ಜೊತೇಲೇ ಹುಟ್ಟಿ ಜೊತೇಲೇ ಸವೆದವು ಕಣೇ. ಇನ್ನೊಂದರ ಜೊತೆ ನಿಲ್ಲಲ್ಲ.”

“ನಮ್ಮಪ್ಪ ನಮ್ಮಿಬ್ಬರನ್ನ ಮುಖ ನೋಡಿಸದೇ ಕೂಡಿಸಲಿಲ್ವಾ? ನಿಂತಿಲ್ವಾ ನಾವು?”

ಆ ಮಧ್ಯಾಹ್ನವೆಲ್ಲ ಕೊಟ್ಟಿಗೆಯಲ್ಲಿ ವಧೂವರಾನ್ವೇಷಣೆ ನಡೆಯಿತು. ಅವಳು ಒಂದು ಡಬ್ಬಿಗೆ ಒಂದು ಪಿಸ್ಟನ್ ಹಾಕಿ ಎಣ್ಣೆ ತುಂಬುವುದು, ಅವನು ಹೆಬ್ಬೆರಳಲ್ಲಿ ಒತ್ತಿ ಇದಲ್ಲ ಎನ್ನುವುದು. ಒಂದು ನಿಂತರೆ ಇಬ್ಬರಿಗೂ ಮಗಳ ಮದುವೆ ಮುಗಿಸಿದಷ್ಟು ಸಮಾಧಾನ. ಮದುವೆಯಾದ ಮೇಲೆ ಅಷ್ಟು ಹೊತ್ತು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತದ್ದು ಅದೇ ಮೊದಲು. ಜೋಡಿಗಳು ಬೇಗ ಸಿಗದಿರಲಿ ಎಂದು ಸೊಣ್ಣಮ್ಮ ಬೆಟ್ಟದ ಸ್ವಾಮಿಯನ್ನು ಬೇಡಿಕೊಂಡಳೆಂದರೆ ನಂಬಬೇಕು. ಸ್ವಾಮಿ ಸ್ವಲ್ಪ ಹೆಚ್ಚಾಗಿಯೇ ಕೇಳಿಸಿಕೊಂಡ. ಹೊತ್ತು ಮುಳುಗಿದರೂ ಕೊನೆಯ ಎರಡು ಜೋಡಿ ಬಿಗಿಯಾಗಿ ನಿಲ್ಲಲಿಲ್ಲ, ಅದಲುಬದಲು ಮಾಡಿ ನೋಡಲು ಬೆಳಕೂ ಉಳಿಯಲಿಲ್ಲ. ಇರಲಿ ಎಂದು ಹಾಗೇ ಕೂಡಿಸಿದರು.

ಮರುದಿನ ಮರುಳಸಿದ್ದಪ್ಪನವರು ಇಸ್ತ್ರಿ ಮಾಡಿದ ಬಿಳೀ ಪಂಚೆಯುಟ್ಟು, ಹಣೆ ತುಂಬ ವಿಭೂತಿ ಧರಿಸಿ ಬಂದರು. ಕಾರಿನ ಬಾನೆಟ್ ಎತ್ತಿತ್ತು, ಎಂಜಿನ್ ಮೇಲಿನ ಮುಚ್ಚಳ ತೆಗೆದಿಟ್ಟಿತ್ತು. ತಿಮ್ಮರಾಯಪ್ಪ ಒಳಗೆ ಕೂತು ಎಂಜಿನ್ ಚಾಲೂ ಮಾಡಿದ. ಸೊಣ್ಣಮ್ಮ ಒಲೆ ಊದುವ ಊದುಗೊಳವೆಯ ಒಂದು ತುದಿಯನ್ನು ಎಂಜಿನ್ನಿಗಿಟ್ಟು ಇನ್ನೊಂದು ತುದಿಗೆ ಕಿವಿಯಿಟ್ಟಳು. ಇದು ರಿಪೇರಿಯೋ ಮಾಟವೋ ತಿಳಿಯದೆ ಮರುಳಸಿದ್ದಪ್ಪನವರು ಬಗ್ಗಿ ನೋಡಿದರು.

ಟಕಟಕ! ನಿನ್ನೆ ಹಾಗೇ ಕೂಡಿಸಿ ಹಿಂದುಗಡೆ ಹಾಕಿದ್ದ ಎರಡೂ ಟ್ಯಾಪೆಟ್ ಕುಟ್ಟುತ್ತಿದ್ದವು. ನಿಲ್ಲಿಸಿ ಎಂದು ಅವಳು ಕೈಯೆತ್ತಿದಳು. ಬಾನೆಟ್ ಅಡ್ಡ, ಗಂಡನಿಗೆ ಕಾಣಲಿಲ್ಲ. ಎಲ್ಲ ಸುಸೂತ್ರವಾಗಿದೆ ಎಂದುಕೊಂಡು ಅವನು ಆಕ್ಸಿಲರೇಟರ್ ಒತ್ತಿದ. ಬಿಸಿ ಎಣ್ಣೆ ಕಾರಂಜಿಯಾಗಿ ಎದ್ದಿತು.

ಸೊಣ್ಣಮ್ಮ “ರೀ!” ಎಂದಳು. ಇವರೇ ಎಂದಳು, ಯಜಮಾನ್ರೇ ಎಂದಳು. ಬೀದಿಯಲ್ಲಿ ಹೋಗುತ್ತಿದ್ದ ಗಂಡಸರೆಲ್ಲ ತಿರುಗಿ ನೋಡಿದರು, ಒಳಗೆ ಕೂತವನೊಬ್ಬನನ್ನು ಬಿಟ್ಟು. ಪಕ್ಕದ ಮನೆ ಮೀನಾಕ್ಷಮ್ಮ ಬೇಲಿಯ ಮೇಲಿಂದ ಬಗ್ಗಿ, “ಹೆಸರಿಡಿದು ಕೂಗೇ ಸೊಣ್ಣಮ್ಮಾ, ಹೆಸರಿಡಿದು ಕೂಗು,” ಎಂದಳು. ಹೆಸರು ನಾಲಿಗೆಯ ತುದಿಗೆ ಬಂತು. ಸೊಣ್ಣಮ್ಮ ಅದನ್ನು ನುಂಗಿ, ಊದುಗೊಳವೆಯೆತ್ತಿ ಕಾರಿನ ಮಡ್‌ಗಾರ್ಡಿಗೆ ಎರಡೂ ಕೈಯಿಂದ ಬಾರಿಸಿದಳು. ಕಾರೇ ಅದುರಿತು. ಎಂಜಿನ್ ನಿಂತಿತು.

ಮಡ್‌ಗಾರ್ಡಿನಲ್ಲಿ ತಗ್ಗು. ಮರುಳಸಿದ್ದಪ್ಪನವರ ಹಣೆಯಲ್ಲಿ ವಿಭೂತಿಯಿದ್ದ ಜಾಗದಲ್ಲೆಲ್ಲ ಕರೀ ಪಟ್ಟೆ.

“ಮಿಸ್ತ್ರಿಗೆ ಕಿವಿ ಕೇಳಲ್ವೇನಮ್ಮಾ?” ಎಂದರು ಅವರು ಮೆಲ್ಲಗೆ.

ಕಾರಿನಿಂದಿಳಿದ ತಿಮ್ಮರಾಯಪ್ಪ ಎಲ್ಲರ ಮುಖ ನೋಡಿ, ವಿಷಯ ತಿಳಿದು, ತಲೆ ತಗ್ಗಿಸಿದ. ಎಮ್ಮೆ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಂತೆಯೇ ಕಂಡಿತು ಸೊಣ್ಣಮ್ಮನಿಗೆ.

“ಕೇಳೋ ಕೆಲಸ ನಂದು ಸ್ವಾಮಿ. ಬಿಚ್ಚೋ ಕೆಲಸ ಅವರ್ದು,” ಎಂದಳು. “ಹಿಂದಿನವೆರಡೂ ಅದಲುಬದಲಾಗವೆ. ನಂಬಿಕೆ ಇಲ್ದಿದ್ರೆ ನೀವೇ ಕೇಳಿ.” ಊದುಗೊಳವೆಯನ್ನು ಮುಂದೆ ಹಿಡಿದಳು.

ಎರಡರ ಪಿಸ್ಟನ್‌ಗಳನ್ನೂ ಬದಲಿಸಿದ್ದಾಯಿತು. ಮರುಳಸಿದ್ದಪ್ಪನವರು ಊದುಗೊಳವೆಗೆ ಕಿವಿಯಿಟ್ಟು ಬಹಳ ಹೊತ್ತು ನಿಂತರು. ಹಾಲು ಕರೆಯುವಾಗಿನಂಥ ಮೆತ್ತಗಿನ ಸದ್ದು. ಅವರು ತಗ್ಗಿನ ಮಾತೇ ಎತ್ತಲಿಲ್ಲ. ಆಮೇಲೆ ಅವರ ನೆಂಟರ ಕಾರುಗಳು ಒಂದೊಂದಾಗಿ ಬಂದವು. ಮಿಸ್ತ್ರಿ ಇದ್ದರೆ ಸಾಲದು, ಅಮ್ಮನವರೂ ಇದ್ದಾರೆಯೇ ಎಂದು ಕೇಳಿಕೊಂಡೇ ಬಂದವು.

ಎಷ್ಟೋ ವರ್ಷ ಕಳೆದಿವೆ, ಈಗ ಸೊಣ್ಣಮ್ಮನಿಗೆ ಗಂಡನ ಹೆಸರು ಹೇಳಲು ಯಾವ ಭಯವೂ ಇಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ, ತಿಮ್ಮರಾಯಪ್ಪನ ಹೆಂಡತಿ ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಾಳೆ. ಊದುಗೊಳವೆ ಒರೆಸಿಡುವಾಗ ಅದರ ತುದಿಗೆ ಬಾಯಿಟ್ಟು ಒಂದು ಸಲ ಹೇಳುತ್ತಾಳೆ. ಸವೆಯಲು ಅವನ ಆಯಸ್ಸೇ ಉಳಿದಿಲ್ಲವಲ್ಲ! ಹೇಳಬೇಕಾದ ದಿನ ಮಾತ್ರ ನಾಲಿಗೆ ಏಳಲಿಲ್ಲ. ಅವತ್ತು ಆಸ್ಪತ್ರೆಯ ಮಂಚದ ಮೇಲೆ ಅವನು ಅವಳ ಕೈ ಹಿಡಿದೆಳೆದು, ಪೂರ್ತಿ ಮಂದವಾಗಿದ್ದ ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದಿದ್ದ.

“ಒಂದೇ ಒಂದ್ಸಲ ಹೆಸರಿಡಿದು ಕೂಗೇ. ಕೇಳ್ಸುತ್ತೋ ಇಲ್ವೋ, ಟೆಸ್ಟ್ ಮಾಡೋಣ.”