ಸರದಾರನ ಒಡೆಯ

ಮುದ್ದಯ್ಯನ ಕೇಡಿಗೆ ಕಾರಣವಾದದ್ದು ಒಂದು ಮಡಕೆ ಗಂಜಿ. ನೇಯುವವರ ಮನೆಯಲ್ಲಿ ಗಂಜಿ ಕಾಯಿಸುವುದು ಕುಡಿಯುವುದಕ್ಕಲ್ಲ, ನೂಲಿಗೆ. ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ಉದ್ದೆಳೆಗಳನ್ನು ಬೀದಿಯುದ್ದಕ್ಕೂ ಬಿಗಿದು, ಗಂಜಿ ಸವರಿ, ಬಿಸಿಲು ಬಲಿಯುವುದರೊಳಗೆ ಒಣಗಿಸಬೇಕು. ಎಳೆ ನುಣುಪಾಗಲೆಂದು ಅದಕ್ಕೆ ಒಂದಿಷ್ಟು ಎಳ್ಳೆಣ್ಣೆ ಬೆರೆಸುವುದು ವಾಡಿಕೆ. ಅವತ್ತಿನ ಹಾಸು ಮಗಳು ಪಾರ್ವತಮ್ಮನ ಧಾರೆ ಸೀರೆಯದು. ಅದಕ್ಕೇ ಅವನ ಹೆಂಡತಿ ಪುಟ್ಟಗೌರಮ್ಮ ಎಣ್ಣೆಯ ಬದಲು ತುಪ್ಪ ಬೆರೆಸಿದಳು.

ಇದು ೧೭೯೭ರ ಮಾಘಮಾಸದ ಸಂಗತಿ. ಊರು ಸಂತೆಬಾಚಹಳ್ಳಿಯಿಂದ ಎರಡು ಹರಿದಾರಿ. ಇಂಗ್ಲಿಷರ ದಂಡು ಸುಲ್ತಾನನ ಪಟ್ಟಣಕ್ಕೆ ಮುತ್ತಿಗೆ ಹಾಕಿ ಹಿಂದಿರುಗಿ ಐದು ವರ್ಷವಾಗಿದ್ದರೂ ಸಂತೆಗೆ ಒಳ್ಳೆಯ ನೂಲು ಬರುವುದು ಅಪರೂಪವೇ ಆಗಿತ್ತು. ಮುದ್ದಯ್ಯ ಎರಡು ವರ್ಷ ಕೂಡಿಟ್ಟ ನೂಲಿಗೆ ಪುಟ್ಟಗೌರಮ್ಮ ಮೂರು ಸಲ ಕೆಂಪು ಬಣ್ಣ ಕಟ್ಟಿದ್ದಳು. ಮದುವೆಗೆ ಒಂಬತ್ತು ದಿನವಿತ್ತು. ಹೆಣ್ಣು ತಂದೆ ನೇಯ್ದ ಸೀರೆಯುಟ್ಟು ಹಸೆಗೆ ಬರಬೇಕೆಂದು ಗಂಡಿನ ಕಡೆಯವರು ಹೇಳಿ ಕಳಿಸಿದ್ದರು. ಅದು ಅವರ ಮನೆತನದ ಪದ್ಧತಿಯಂತೆ.

ಬೀದಿಯಲ್ಲಿ ಹದಿನಾರು ಮೊಳ ಕೆಂಪು ಹಾಸು ಬಿಗಿದು, ಮುದ್ದಯ್ಯ ಗಂಜಿ ಸವರಿ ಸೊಂಟ ನೆಟ್ಟಗೆ ಮಾಡಿಕೊಳ್ಳುವ ಹೊತ್ತಿಗೆ ಬೀದಿಯ ಆ ತುದಿಯಲ್ಲಿ ಹೊನ್ನೇಗೌಡರು ಕಾಣಿಸಿದರು. ಅವರಿಗಿಂತ ಮೊದಲು ಸರದಾರ ಕಾಣಿಸಿದ.

ಸರದಾರ ಕತ್ತೆಮರಿಯಷ್ಟು ಎತ್ತರದ ನಾಯಿ. ಹಿರೋಡೆಯಲ್ಲಿ ಬೀಡುಬಿಟ್ಟಿದ್ದ ಸುಲ್ತಾನನ ಕಡೆಯ ಪರಂಗಿ ಸಿಪಾಯಿಗಳ ಹತ್ತಿರ ಬೆಳೆದು, ಹೇಗೋ ಗೌಡರ ಹಿಂದೆ ಬಂದಿತ್ತು. ‘ಬಾ’ ಅಂದರೆ ಹೋಗುತ್ತಿತ್ತು, ‘ಕೂರು’ ಅಂದರೆ ಎಗರುತ್ತಿತ್ತು. ಅದಕ್ಕೆ ಕನ್ನಡ ಬಾರದೆಂದು ಕೆಲವರು, ಗೌಡರ ಮಾತನ್ನು ಅವರ ಮಕ್ಕಳೂ ಕೇಳುವುದಿಲ್ಲವೆಂದು ಕೆಲವರು. ಗೌಡರು ದಿನವೂ ಬೆಳಿಗ್ಗೆ ಅದನ್ನು ಹಗ್ಗವಿಲ್ಲದೆ ಕೆರೆ ಏರಿಯವರೆಗೆ ಕರೆದೊಯ್ಯುತ್ತಿದ್ದರು. ಬೆಟ್ಟಮ್ಮನ ಆರು ಕೋಳಿ, ಕುಂಬಾರರ ಒಂದು ಸಾಲು ಹಸಿ ಮಡಕೆ, ಪೂಜಾರಪ್ಪನ ಮಡಿಪಂಚೆ ಅದರ ಲೆಕ್ಕಕ್ಕೆ ಸೇರಿದ್ದವು. ಊರ ದೊಡ್ಡ ಗೌಡರೆಂದು ಯಾರೂ ನ್ಯಾಯದ ಕಟ್ಟೆಗೆ ದೂರು ಒಯ್ದಿರಲಿಲ್ಲ.

ಮುದ್ದಯ್ಯ ಎರಡೂ ಕೈ ಅಗಲಿಸಿ ಹಾಸಿನ ಮುಂದೆ ನಿಂತ. ನಾಯಿಯನ್ನು ಹಿಡಿದುಕೊಳ್ಳಬೇಕೆಂದು ದೂರದಿಂದಲೇ ಬೇಡಿಕೊಂಡ.

“ಏನೂ ಮಾಡಕಿಲ್ಲ ಕಣಯ್ಯ, ನೀನ್ ಎದರ್ಕಂಡ್ರೆ ಅದೂ ಎದರ್ಕತದೆ. ಸುಮ್ಕೆ ನಿಂತ್ಕೊ,” ಅಂದರು ಗೌಡರು, ನಡಿಗೆ ತಪ್ಪಿಸದೆ.

ಮುದ್ದಯ್ಯ ಸುಮ್ಮನೆ ನಿಂತ. ತುಪ್ಪದ ವಾಸನೆ ಹಿಡಿದ ಸರದಾರ ಅವನ ಕಾಲ ಸಂದಿಯಲ್ಲೇ ನುಗ್ಗಿತು. ಒಂದು ತುದಿಯಿಂದ ನೆಕ್ಕಲು ಶುರುಮಾಡಿ, ನೆಕ್ಕಿದ್ದು ಸಾಲದೆ ಅಗಿದು, ಅಗಿದದ್ದು ಹಲ್ಲಿಗೆ ಸಿಕ್ಕಿಕೊಂಡು, ಬಿಡಿಸಿಕೊಳ್ಳಲು ಗಿರಗಿರನೆ ಸುತ್ತಿತು. ಗೂಟಗಳು ಕಿತ್ತುಬಂದವು. ಕ್ಷಣ ಮಾತ್ರದಲ್ಲಿ ಪಾರ್ವತಮ್ಮನ ಸೀರೆಯನ್ನು ಮದುವಣಗಿತ್ತಿಗಿಂತ ಮೊದಲು ಅದು ಉಟ್ಟುಕೊಂಡಿತ್ತು.

“ನೋಡು, ಆಡ್ಕತಾ ಅದೆ,” ಅಂದರು ಗೌಡರು. ಏರಿಯ ಕಡೆ ಹೊರಟೇ ಹೋದರು. ಬೇಕಾದಾಗ ಅದೇ ಬರುತ್ತದೆಂದು ಹೋಗುತ್ತ ಹೇಳಿದರು.

ಪುಟ್ಟಗೌರಮ್ಮ ಹೊರಗೆ ಬಂದು ನೋಡಿ, ಕಿತ್ತುಬಂದ ಗೂಟಗಳನ್ನು ಆಯತೊಡಗಿದಳು. ಬಾಯಿ ಬಿಟ್ಟಿದ್ದು ಪಕ್ಕದ ಮನೆಯ ಮಂಚಮ್ಮ. ಆ ಬೀದಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಇಳಿಸಲು ಓಡಿಬರುವ ಹೆಂಗಸು.

“ಬುಟ್ಗಿಟ್ಟೀಯ ಮುದ್ದಣ್ಣ. ನಾಯಿ ಓಡೋದ್ರೆ ಸಾಕ್ಸಿನೇ ಓಡೋದಂಗೆ. ಆ ಎಳೆನೇ ಕತ್ತಿಗೆ ಬಿಗ್ದು ಕಂಬಕ್ಕೆ ಕಟ್ಟಾಕು. ಉಳ್ದ ಗಂಜಿ ಉಯ್ಯಿ, ಸುಮ್ಕಿರ್ತದೆ.”

ಬುದ್ಧಿಮಾತೆನಿಸಿತು. ಮುದ್ದಯ್ಯ ಮಗಳ ಸೀರೆಯ ಎಳೆಗಳನ್ನೇ ಹುರಿ ಮಾಡಿ, ನಾಯಿಯ ಕತ್ತಿಗೆ ನೇಕಾರರ ಗಂಟು ಹಾಕಿ ಕಂಬಕ್ಕೆ ಕಟ್ಟಿದ. ಉಳಿದ ಗಂಜಿ ಸುರಿದ. ಕಟ್ಟಿಸಿಕೊಂಡು ಅಭ್ಯಾಸವಿಲ್ಲದ ಸರದಾರ ಉಂಡು ಅಲ್ಲೇ ಮಲಗಿತು. ಮುದ್ದಯ್ಯನಿಗೆ ಹುಟ್ಟಿದಾಗಿನಿಂದ ಇಲ್ಲದ ಧೈರ್ಯ ಬಂತು. ಹೊನ್ನೇಗೌಡರ ಮನೆಯಲ್ಲಿ ನಾಲ್ಕು ರಾಟೆ ತಿರುಗುತ್ತಿದ್ದವು. ಕಟ್ಟೆಯವರು ಅವರಿಂದ ಎಂಟು ಲಡಿ ನೂಲು ಕೊಡಿಸಿದರೆ ಸಾಕು, ಬಣ್ಣ ಕಟ್ಟಿ, ಹಗಲು ರಾತ್ರಿ ಕೂತು ಒಂಬತ್ತು ದಿನದಲ್ಲಿ ಸೀರೆ ಇಳಿಸಬಲ್ಲೆನೆಂದು ಹೆಂಡತಿಗೆ ಹೇಳಿ, ಕಟ್ಟೆಗೆ ಹೋಗಿ ದೂರು ಕೊಟ್ಟ.

ಮಧ್ಯಾಹ್ನಕ್ಕೆ ಅರಳಿಕಟ್ಟೆಯಲ್ಲಿ ನ್ಯಾಯ ಸೇರಿತು. ಹೇಳುವವನು ಊರ ಹಿರಿಯ ಚಿಕ್ಕತಮ್ಮಯ್ಯ. ಯಾರಿಗೂ ಹೆದರದ ಮನುಷ್ಯ, ಆದರೆ ಊರ ಕಟ್ಟಳೆಯಿಂದ ಒಂದು ಕೂದಲೆಳೆ ಸರಿಯದವನು. ಮುದ್ದಯ್ಯ ನಾಯಿಯನ್ನು ಕೆಂಪು ಹುರಿಯ ಸಮೇತ ಎಳೆದುಕೊಂಡು ಬಂದ. ಬೀದಿಯೇ ಹಿಂದೆ ಬಂತು. ಮಂಚಮ್ಮ ಎಲ್ಲರಿಗಿಂತ ಮುಂದೆ ಕೂತಳು.

ಚಿಕ್ಕತಮ್ಮಯ್ಯ ದೂರು ಕೇಳಿ, ಕತ್ತಿನ ಹುರಿ ಮುಟ್ಟಿ ನೋಡಿದ. “ಈ ನೂಲು ಯಾರ್ದಪ್ಪ?”

“ನಂದೇ ಸೋಮಿ. ಊರಲ್ಲಿ ಇನ್ಯಾರ ತಾವೂ ಈ ಕೆಂಪು ಇಲ್ಲ,” ಅಂದ ಮುದ್ದಯ್ಯ. ಗೆದ್ದೆನೆಂದುಕೊಂಡ.

ಹೊನ್ನೇಗೌಡರು ನಿಧಾನವಾಗಿ ಎದ್ದರು. ನೂಲು ಮುದ್ದಯ್ಯನದೇ, ಹಾಳಾದದ್ದೂ ನಿಜ, ನೋಡಿ ತಮಗೂ ಸಂಕಟವಾಯಿತು ಅಂದರು. ಆಮೇಲೆ ಕೇಳಿದರು: “ಆದ್ರೆ ಒಂದ್ ಮಾತು. ನಾನು ಈ ನಾಯಿಗೆ ಅಗ್ಗ ಆಕಿದ್ದು ಯಾರಾರ ಕಂಡಿದ್ದೀರಾ?”

ಯಾರೂ ಕಂಡಿರಲಿಲ್ಲ. ಕಂಡಿಲ್ಲವೆಂಬುದೇ ಊರಿನ ದೂರಾಗಿತ್ತು.

“ನಮ್ಮಟ್ಟೀಲಿ ಇದ್ಕೆ ತುತ್ತು ಇಕ್ಕಿದ್ದು?”

ಅದನ್ನೂ ಯಾರೂ ಕಂಡಿರಲಿಲ್ಲ. ಸರದಾರ ಊರ ಮೇಲೆಯೇ ಉಣ್ಣುತ್ತಿತ್ತು.

ಗೌಡರು ಹಿಡಿದಿದ್ದ ದಾರಿ ಚಿಕ್ಕತಮ್ಮಯ್ಯನಿಗೆ ಗೊತ್ತಾಗಿತ್ತು. ದಂಡು ಹಾದುಹೋದ ವರ್ಷ ಒಡೆಯರಿಲ್ಲದ ದನಕರುಗಳು ಊರೂರು ಅಲೆಯುತ್ತಿದ್ದಾಗ ಇದೇ ಕಟ್ಟೆಯಲ್ಲಿ ಒಂದು ಕಟ್ಟಳೆ ಆಗಿತ್ತು: ಅಲೆಯುವ ಪ್ರಾಣಿಯನ್ನು ಕಂಬಕ್ಕೆ ಕಟ್ಟಿ ಮೇವು ಹಾಕಿದವನೇ ಅದರ ಒಡೆಯ, ಅದರ ತಂಟೆಗೂ ಅವನೇ ಬಾಧ್ಯ.

“ಈ ಗಂಟು ಯಾರ್ ಆಕಿದ್ದು?” ಅಂತ ಕೇಳಿದ ಹಿರಿಯ.

ಮುದ್ದಯ್ಯ ಹುರಿಯನ್ನು ಬೆನ್ನ ಹಿಂದೆ ಸರಿಸಿದ. ಅವನ ಕಷ್ಟ ತಪ್ಪಿಸಲು ಮಂಚಮ್ಮ ಇದ್ದಳು. “ಮುದ್ದಣ್ಣನೇ ಆಕಿದ್ದು, ನಾನೇ ಕಣ್ಣಾರೆ ಕಂಡಿವ್ನಿ. ಗಂಜೀನೂ ಉಯ್ದ, ಪಾಪ, ತುಪ್ಪದ ಗಂಜಿ. ಧರ್ಮಿಷ್ಟ,” ಅಂದಳು. ಸಹಾಯ ಮಾಡಿದ ತೃಪ್ತಿಯಲ್ಲಿ ಸುತ್ತ ನೋಡಿದಳು.

ಕಟ್ಟಳೆ ಬದಲಾಗುವಂತಿರಲಿಲ್ಲ. ನಾಯಿ ಮುದ್ದಯ್ಯನದೆಂದು ತೀರ್ಮಾನವಾಯಿತು. ತನ್ನ ನಾಯಿ ತನ್ನ ನೂಲು ತಿಂದದ್ದಕ್ಕೆ ಯಾರನ್ನೂ ಕೇಳುವಂತಿಲ್ಲ ಎಂದೂ ಆಯಿತು. ಬೆಟ್ಟಮ್ಮ ಮೆಲ್ಲಗೆ ಎದ್ದು ತನ್ನ ಆರು ಕೋಳಿಯ ವಿಷಯ ತೆಗೆದಳು. ಗೌಡರ ಎದುರು ಇಷ್ಟು ದಿನ ಏಳದ ಕುಂಬಾರರೂ ಎದ್ದರು. ಪೂಜಾರಪ್ಪ ಪಂಚೆಯ ತುಂಡನ್ನು ಜೊತೆಯಲ್ಲೇ ತಂದಿದ್ದ. ಹಳೆಯದಕ್ಕೆಲ್ಲ ಹೊಸ ಒಡೆಯ ಬಾಧ್ಯನಲ್ಲವೆಂದು ಚಿಕ್ಕತಮ್ಮಯ್ಯ ಅವರನ್ನು ಕೂರಿಸಿದ. ಅಷ್ಟರ ಮಟ್ಟಿಗೆ ನ್ಯಾಯ ಮುದ್ದಯ್ಯನ ಕಡೆಗಿತ್ತು.

ನೆರೆದವರು ಏಳುವ ಹೊತ್ತು. ಸರದಾರ ಕೆಂಪು ಹುರಿಯನ್ನು ಮುದ್ದಯ್ಯನ ಕೈಯಿಂದ ಕಿತ್ತುಕೊಂಡು, ಹೊರಟಿದ್ದ ಹೊನ್ನೇಗೌಡರ ಮೇಲೆ ಪ್ರೀತಿಯಿಂದ ಎಗರಿತು. ಗೌಡರು ಬೆನ್ನು ಮೇಲಾಗಿ ಬಿದ್ದರು. ಅವರ ತಲೆಯ ರುಮಾಲು ನಾಯಿಯ ಬಾಯಿಯಲ್ಲಿ ಮೂರು ತುಂಡಾಯಿತು.

ಗೌಡರು ಬೋಳುತಲೆಯಲ್ಲೇ ಎದ್ದು, ಮಣ್ಣು ಕೊಡವಿ, ಕಟ್ಟೆಗೆ ವಾಪಸ್ಸು ಬಂದು ಕೂತರು. ಚಿಕ್ಕತಮ್ಮಯ್ಯನೂ ಕೂತ. ಸೂರ್ಯ ಮುಳುಗಲು ಇನ್ನೂ ಹೊತ್ತಿತ್ತು.

“ಮುದ್ದಯ್ಯ, ನಾಯಿ ಸಾಕೋರು ಬಿಗಿಯಾಗಿ ಇಡ್ಕಬೇಕು ಕಣ್ಲಾ,” ಅಂದರು ಗೌಡರು. ದನಿಯಲ್ಲಿ ಕೋಪವಿರಲಿಲ್ಲ, ಬೇಸರವಿತ್ತು. ಹೊಸ ತಂಟೆಗೆ ಹೊಸ ಒಡೆಯನೇ ಬಾಧ್ಯ, ರುಮಾಲಿಗೆ ರುಮಾಲು ಎಂದು ತೀರ್ಮಾನವಾಯಿತು.

ಹಾಸಿನಲ್ಲಿ ಉಳಿದ ನೂಲನ್ನು ಪುಟ್ಟಗೌರಮ್ಮ ಸಂಜೆಯವರೆಗೆ ಬಿಡಿಸಿದಳು. ಸೀರೆಗೆ ಸಾಲಲಿಲ್ಲ, ರುಮಾಲಿಗೆ ಸರಿಯಾಯಿತು. ಮದುವೆಯ ದಿನ ಪಾರ್ವತಮ್ಮ ತಾಯಿಯ ಹಳೆಯ ಸೀರೆಯುಟ್ಟು ಹಸೆಗೆ ಬಂದಳು. ಗಂಡಿನ ಕಡೆಯವರು, ಹೆಣ್ಣಿನ ತಂದೆಯ ಕೈಗೆಲಸ ಎಲ್ಲಿ ಅಂತ ಕೇಳಿದರು. ಮುದ್ದಯ್ಯ ಚಪ್ಪರದ ಮುಂದಿನ ಸಾಲಿನಲ್ಲಿ ಕೂತಿದ್ದ ಹೊನ್ನೇಗೌಡರ ತಲೆಯ ಕಡೆ ಬೆರಳು ತೋರಿಸಿದ.