ಕಿವಿಯಲ್ಲಿ ಕಲಿತ ಫೋಟೋಗ್ರಫಿ

ಹೊಸದುರ್ಗದಲ್ಲಿ ಸ್ಟುಡಿಯೋ ಇಟ್ಟುಕೊಂಡವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಬಾಗಿಲು ತೆಗೆದು ಕೂತರೆ ಸಾಕು, ಯಾರಾದರೂ ಬಂದು ಏನಾದರೂ ಆಗೇ ಆಗುತ್ತದೆ. ಈ ವರ್ಷ ಆದದ್ದಕ್ಕೆಲ್ಲ ಮೂಲ ಮಾತ್ರ ಪಾಡ್‌ಕಾಸ್ಟ್.

ತಾಳ್ಯದ ಒಂದು ದೊಡ್ಡ ಮನೆತನದ ಶುಭಕಾರ್ಯಗಳಿಗೆಲ್ಲ ಫೋಟೋ ತೆಗೆಯುವವನು ನಾನೇ. ಆ ಮನೆಯ ಮೊಮ್ಮಗಳಿಗೆ ಮದುವೆ ಗೊತ್ತಾಯಿತು. ಹುಡುಗಿ ಸ್ಟುಡಿಯೋಗೆ ಬಂದು ನೇರವಾಗಿಯೇ ಹೇಳಿದಳು: "ಅಂಕಲ್, ನೀವು ಎಲ್ರನ್ನೂ ಗೋಡೆಗೆ ಅಂಟಿಸಿದಂಗೆ ನಿಲ್ಲಿಸ್ತೀರಿ. ನನಗೆ ಯಾರಿಗೂ ಗೊತ್ತಾಗದಂಗೆ ತೆಗೆಯೋ ಕ್ಯಾಂಡಿಡ್ ಬೇಕು. ಅಣ್ಣನ ಮಗೂದು ತೊಟ್ಟಿಲು ಶಾಸ್ತ್ರ ಐತಲ್ಲ, ಅದನ್ನ ಹಂಗೆ ತೆಗೀರಿ. ಚೆನ್ನಾಗಿ ಬಂದ್ರೆ ಮದುವೆ ನಿಮ್ದು. ಇಲ್ಲಾಂದ್ರೆ ದಾವಣಗೆರೆಯೋರನ್ನ ಕರೆಸ್ತೀವಿ. ಪಾಡ್‌ಕಾಸ್ಟ್ ಕೇಳ್ರಿ, ಎಲ್ಲ ಹೇಳಿಕೊಡ್ತಾರೆ."

ಆ ಮನೆ ಕೈಬಿಟ್ಟರೆ ಸುತ್ತಲಿನ ಹಳ್ಳಿಗಳೂ ಕೈಬಿಡುತ್ತವೆ. ನಿಜವಾಗಿಯೂ ಹೆದರಿಕೆಯಾಯಿತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆ.

ಹುಡುಕಾಟ

ಮೊದಲು ಸಿಕ್ಕವನು ಇಂಗ್ಲಿಷಿನವನು. ಹಿಮದಲ್ಲಿ ಬ್ಯಾಟರಿಯನ್ನು ಬೆಚ್ಚಗಿಡುವುದು ಹೇಗೆಂದು ಹೇಳಿದ. ನಮ್ಮ ಕಡೆ ತಣ್ಣಗಿಡುವುದೇ ಕಷ್ಟ. ಎರಡನೆಯದರಲ್ಲಿ ಇಬ್ಬರು ಗೆಳೆಯರು ಅರ್ಧ ಹೊತ್ತು ತಮ್ಮತಮ್ಮಲ್ಲೇ ನಕ್ಕರು, ಉಳಿದರ್ಧ ಲೆನ್ಸ್ ಮಾರಿದರು. ಕೊನೆಗೆ ಕನ್ನಡದ್ದೊಂದು ಸಿಕ್ಕಿತು. ಮೆಲುದನಿಯ ಮನುಷ್ಯ. ಅವನ ಮಾತು ಕೇಳಿದರೆ ಎದ್ದು ಹೋಗಿ ಏನನ್ನಾದರೂ ತೆಗೆಯಬೇಕು ಅನ್ನಿಸುತ್ತಿತ್ತು.

ಹೆಂಡತಿ ಮುದ್ದೆ ತೊಳಸುತ್ತಿದ್ದವಳು ಕೇಳಿದಳು: "ಏನ್ರಿ ಅದು, ದಿನಾ ಕಿವೀಲಿ?"

"ಫೋಟೋ ತೆಗೆಯೋದು ಹೆಂಗೆ ಅಂತ."

"ಫೋಟೋ ತೋರಿಸ್ತಾರಾ?"

"ಇಲ್ಲ, ಬರೀ ಹೇಳ್ತಾರೆ."

"ಹಂಗಾದ್ರೆ ಇವತ್ತು ಮುದ್ದೆ ಹೆಂಗಾಗೈತೆ ಅಂತ ನಾನೂ ಹೇಳ್ತೀನಿ. ಉಂಡೆ ಅಂದ್ಕಂಡು ಮಲಕ್ಕಳ್ರಿ," ಅಂದಳು.

ಒಳಗಿನ ಸಾಹೇಬರು

ಸ್ಟುಡಿಯೋದಲ್ಲಿ ಸ್ಪೀಕರಿಗೇ ಹಾಕಿ ಕೇಳತೊಡಗಿದೆ. ಬ್ಯಾಂಕಿಗೆ ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕೆಂದು ಒಬ್ಬ ಅಜ್ಜ ಬಂದರು. ಸ್ಟೂಲಿನ ಮೇಲೆ ಕೂರಿಸಿ ಲೈಟು ಹಾಕಿ ಬರುವಷ್ಟರಲ್ಲಿ ಒಳಕೋಣೆಯ ಸ್ಪೀಕರಿನಿಂದ ಮೆಲುದನಿ ಕೇಳಿಸಿತು: "ಕಣ್ಣು ಮುಚ್ಚಿ. ಬೆಳಕು ಎಲ್ಲಿಂದ ಬರುತ್ತಿದೆ ಅಂತ ಮುಖದಲ್ಲೇ ಅನುಭವಿಸಿ." ಅಜ್ಜ ಕಣ್ಣು ಮುಚ್ಚಿಬಿಟ್ಟರು.

"ಅಜ್ಜ, ಕಣ್ಣು ಬಿಡ್ರಿ."

"ಒಳಗಿನ ಸಾಹೇಬ್ರು ಮುಚ್ಚು ಅಂದ್ರು."

"ಅದು ರೆಕಾರ್ಡು ಅಜ್ಜ."

"ಏನಾದ್ರೂ ಇರ್ಲಿ. ಅವ್ರೇ ಬಿಡು ಅನ್ಲಿ."

ಮೆಲುದನಿಯವನು ಕಣ್ಣು ಬಿಡಿ ಅನ್ನುವವರೆಗೆ ಕ್ಯಾಮೆರಾ ಹಿಡಿದು ಕಾದೆ. ಹೋಗುವಾಗ ಅಜ್ಜ ಒಳಕೋಣೆಯ ಕಡೆ ತಿರುಗಿ ಕೈಮುಗಿದು, "ಬರ್ತೀನಿ ಸಾಹೇಬ್ರೆ" ಅಂದರು. ನನಗೆ ಏನೂ ಹೇಳಲಿಲ್ಲ.

ಇಳಿಹೊತ್ತಿನ ಬೆಳಕು

ಹೊತ್ತು ಮುಳುಗುವ ಮುಂಚಿನ ಬೆಳಕನ್ನು ಬಿಡಬೇಡಿ ಅಂದಿತ್ತು ಪಾಡ್‌ಕಾಸ್ಟ್. ಅಭ್ಯಾಸ ಮಾಡೋಣವೆಂದು ಧರ್ಮಪುರದ ಕಡೆ ಬೈಕ್ ಓಡಿಸಿದೆ. ಶೇಂಗಾ ಕಿತ್ತ ಹೊಲದಿಂದ ಕುರಿಮಂದೆಯೊಂದು ಧೂಳೆಬ್ಬಿಸಿಕೊಂಡು ಊರಿಗೆ ಬರುತ್ತಿತ್ತು. ನಾನು ಲೆನ್ಸ್ ಬದಲಾಯಿಸುವಷ್ಟರಲ್ಲಿ ಮುಕ್ಕಾಲು ಮಂದೆ ದಾಟಿ ಹೋಯಿತು.

"ಯಜಮಾನ್ರೆ, ಇನ್ನೊಂದು ಸಲ ಹಿಂದಕ್ಕೆ ಹೊಡ್ಕಂಡು ಹೋಗಿ ಬರ್ತೀರಾ?" ಎಂದು ಕುರಿ ಕಾಯುವವನನ್ನು ಕೇಳಿದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಬೆಳಿಗ್ಗೆಯಿಂದ ಮರಿಗಳು ಕುರಿರೊಪ್ಪದಾಗೆ ಕೂಗ್ತಾ ಅವೆ. ತಾಯಿಗಳಿಗೆ ಈಗ ತಿರುಗ್ರಿ ಅಂತ ನಾನಂತೂ ಹೇಳಲ್ಲ. ನೀವೇ ಹೇಳಿ ನೋಡ್ರಿ, ಒಪ್ಪಿದ್ರೆ ನಂದೇನೈತೆ."

ಉಳಿದವಕ್ಕೆ ಕೈ ಅಗಲಿಸಿ ಅಡ್ಡ ನಿಂತೆ. ಧೂಳು ಇಳಿದ ಮೇಲೆ ಅವನೇ ಬಂದು ನನ್ನನ್ನು ಎಬ್ಬಿಸಿ ನಿಲ್ಲಿಸಿದ.

"ಏನಂದ್ವು?" ಎಂದು ಕೇಳಿದ.

ಆ ತುದಿ, ಈ ತುದಿ

ತಾಳ್ಯದ ಆ ಮನೆಯ ಒಂದು ಸಂಗತಿ ಎಲ್ಲರಿಗೂ ಗೊತ್ತು. ಮನೆಯ ಅಜ್ಜಿಯ ಮಗಳಿಗೂ ಹಿರಿಸೊಸೆಗೂ ಮಾತಿಲ್ಲ. ಹಿಂದೆ ಯಾವುದೋ ಸೀರೆಯ ವಿಷಯಕ್ಕೆ ಕೆಟ್ಟಿತ್ತಂತೆ. ಮಗಳು ಹಿರಿಯೂರಿನಲ್ಲಿದ್ದಾರೆ, ಕಾರ್ಯಗಳಿಗಷ್ಟೇ ತವರಿಗೆ ಬರುತ್ತಾರೆ. ಕ್ಯಾಮೆರಾ ಹಿಡಿಯುವುದಕ್ಕಿಂತ ಮೊದಲು ನಮ್ಮಂಥವರಿಗೆ ಗೊತ್ತಿರಬೇಕಾದದ್ದು ಯಾರ ಪಕ್ಕ ಯಾರನ್ನು ನಿಲ್ಲಿಸಬಾರದು ಎಂಬುದು. ಗ್ರೂಪ್ ಫೋಟೋ ಎಂದರೆ ಮಗಳನ್ನು ಆ ತುದಿಗೆ, ಸೊಸೆಯನ್ನು ಈ ತುದಿಗೆ ನಿಲ್ಲಿಸುತ್ತ ಬಂದಿದ್ದೆ. ಒಂದು ಸಲವೂ ಎಡವಟ್ಟಾಗಿರಲಿಲ್ಲ. ನನಗೆ ಆ ಬಗ್ಗೆ ಹೆಮ್ಮೆಯೂ ಇತ್ತು.

ತೊಟ್ಟಿಲು ಶಾಸ್ತ್ರದ ದಿನ ಪಾಡ್‌ಕಾಸ್ಟ್ ಹೇಳಿದಂತೆಯೇ ನಡೆದುಕೊಂಡೆ. ಯಾರನ್ನೂ ನಿಲ್ಲಿಸಲಿಲ್ಲ, ಯಾರಿಗೂ ನಗಿ ಅನ್ನಲಿಲ್ಲ. ಕಂಬದ ಮರೆ, ಬಾಗಿಲ ಮರೆಯಲ್ಲೇ ಇದ್ದು ಸಿಕ್ಕಿದ್ದನ್ನೆಲ್ಲ ತೆಗೆದೆ. ಅಜ್ಜಿ ಬಂದು, "ಹುಷಾರಿಲ್ವೇನಪ್ಪ? ಮೂಲೆ ಸೇರ್ಕಂಡಿದೀಯಲ್ಲ," ಎಂದು ಮಜ್ಜಿಗೆ ಕೊಟ್ಟು ಹೋದರು.

ಮದುವೆ ಸೀರೆ ತರಲೆಂದು ಎಲ್ಲರೂ ಸೇರಿದ್ದ ದಿನ ಟಿವಿಗೆ ಪೆನ್‌ಡ್ರೈವ್ ಹಾಕಿ ಫೋಟೋ ತೋರಿಸಿದೆ. ಹುಡುಗಿಯ ಸೋದರಮಾವ ಆಕಳಿಸುತ್ತಿದ್ದಾರೆ, ಪುರೋಹಿತರು ಮೊಬೈಲ್ ನೋಡುತ್ತಿದ್ದಾರೆ. "ಯಾರೂ ಈ ಕಡೆ ನೋಡೇ ಇಲ್ವಲ್ಲ," ಎಂದು ಅಜ್ಜಿ ಗೊಣಗಿದರು. ಮದುವೆ ಹುಡುಗಿ ತನ್ನ ಮೊಬೈಲ್ ಕೈಗೆತ್ತಿಕೊಂಡಳು. ಕೆಲಸ ದಾವಣಗೆರೆಗೆ ಹೋಯಿತು ಎಂದುಕೊಂಡೆ.

ಆಗ ಉಗ್ರಾಣದ ಫೋಟೋ ಬಂತು. ಅಲ್ಲಿ ಕತ್ತಲು, ಯಾರೆಂದು ನೋಡದೆ ತೆಗೆದಿದ್ದೆ. ಆಮೇಲೆ ಬೆಳಕು ಹೆಚ್ಚಿಸಿದಾಗಲೂ ಬಣ್ಣವನ್ನಷ್ಟೇ ನೋಡಿದ್ದೆ. ಮಗಳೂ ಸೊಸೆಯೂ ಅಕ್ಕಿಚೀಲದ ಮೇಲೆ ಕೂತು ಒಂದೇ ತಟ್ಟೆಯಲ್ಲಿ ಹೋಳಿಗೆ ತಿನ್ನುತ್ತಿದ್ದಾರೆ. ನಕ್ಕು ನಕ್ಕು ಮಗಳು ಸೊಸೆಯ ಹೆಗಲ ಮೇಲೆ ಒರಗಿದ್ದಾರೆ.

ಅಜ್ಜಿ ಎದ್ದು ಟಿವಿ ಹತ್ತಿರ ಹೋಗಿ ನೋಡಿದರು. ಇಬ್ಬರ ಕಡೆ ತಿರುಗಿ ಕೇಳಿದರು: "ಯಾವಾಗಿಂದ್ರೇ ಇದು?"

"ಸುಮಾರು ವರ್ಷ ಆತವ್ವ," ಅಂದರು ಮಗಳು. "ದಿನಾ ಫೋನ್ ಮಾಡ್ತೀವಿ."

"ಮತ್ತೆ ಪ್ರತಿ ಫೋಟೋದಾಗೂ ಮಾರಿ ಗಂಟು ಹಾಕ್ಕಂಡು ಆ ತುದಿಗೊಬ್ರು ಈ ತುದಿಗೊಬ್ರು ಯಾಕೆ ನಿಂತ್ಕಂತೀರಿ?"

ಮಗಳು ನನ್ನ ಕಡೆ ಬೆರಳು ತೋರಿಸಿದರು. "ಈಯಪ್ಪ ನಿಲ್ಲಿಸ್ತಾನೆ. ಪಾಪ, ಅಷ್ಟು ನೆನಪಿಟ್ಕಂಡು ನಿಲ್ಲಿಸ್ತಾನಲ್ಲ, ನಾವು ಸರಿಹೋಗಿದೀವಿ ಅಂತ ಹೇಳಿ ಯಾಕೆ ಬೇಜಾರು ಮಾಡೋದು ಅಂತ ಸುಮ್ನಿದ್ವಿ."

ಹುಡುಗಿ ನಗು ತಡೆಯಲಾರದೆ ಗೋಡೆಗೆ ಒರಗಿ, "ಮದುವೆ ನಿಮ್ದೇ ಅಂಕಲ್," ಅಂದಳು.

ಅಜ್ಜಿ ಮಾತ್ರ ನಗಲಿಲ್ಲ. "ಬಾರಪ್ಪ, ಬರಬ್ಯಾಡ ಅನ್ನಲ್ಲ," ಅಂದರು. "ಆದ್ರೆ ಹೆಣ್ಣು ಗಂಡನ್ನ ಮಾತ್ರ ನೀನು ನಿಲ್ಲಿಸಬ್ಯಾಡ."